ಗಿಡ ಏರುವವರಿಗೆ ಯಾವ ಗರಗಸ ಸರಿ: ಕೈಯದ್ದೋ, ಪೆಟ್ರೋಲಿನದ್ದೋ, ಬ್ಯಾಟರಿಯದ್ದೋ?

ಕಳೆದ ಏಪ್ರಿಲ್‌ನಲ್ಲಿ ಶಿಗ್ಗಾಂವಿ ಕಡೆಯ ಅಣ್ಣ ಒಬ್ಬರು ಹಾವೇರಿಯ ನನ್ನ ರಿಪೇರಿ ಅಂಗಡಿಗೆ ಒಂದು ಚೈನ್ ಸಾ, ಅಂದರೆ ಚೈನ್ ಓಡಿಸಿ ಕೊಯ್ಯುವ ಯಂತ್ರದ ಗರಗಸ, ತಂದಿಟ್ಟರು. 58 ಸಿಸಿ ಎಂಜಿನ್, 22 ಇಂಚಿನ ಬಾರ್ (ಚೈನ್ ಸುತ್ತ ಓಡುವ ಉದ್ದ ಪಟ್ಟಿ). ಸ್ಟಾರ್ಟ್ ಆಗ್ತಿಲ್ಲ ಅಂತ ದೂರು. ಕಾರ್ಬೊರೇಟರಿಗೆ ಕೈ ಹಾಕುವ ಮುಂಚೆಯೇ ನನ್ನ ಕಣ್ಣು ಮುಂದಿನ ಹಿಡಿಕೆಯ ಕಡೆ ಹೋಯಿತು. ಅಲ್ಲಿ ಒಂದು ಪ್ಲಾಸ್ಟಿಕ್ ಗಾರ್ಡ್ ಇರಬೇಕು. ಇರಲಿಲ್ಲ. ಎರಡು ತೂತು ಮಾತ್ರ ಇದ್ದವು, ಅದರಲ್ಲಿ ಕಟ್ಟಿಗೆ ಪುಡಿ ತುಂಬಿತ್ತು.

“ಇಲ್ಲಿದ್ದ ಗಾರ್ಡ್ ಎಲ್ಲಿ ಅಣ್ಣಾ?”

“ಅಡ್ಡ ಬರ್ತಿತ್ರಿ. ಬಿಚ್ಚಿ ಒಗದೇನಿ.”

ಆಮೇಲೆ ಅವರೇ ಕೇಳಿದರು: “ಇದು ಗಿಡದ ಮ್ಯಾಲ ಭಾಳ ವಜ್ಜಾ ಆಗ್ತೈತ್ರಿ. ಹಗುರಂದು ಯಾವ್ದು ತಗೊಳ್ಳಿ? ಈಗ ಬ್ಯಾಟರೀದು ಬಂದಾವಂತಲ್ಲ?”

ಈ ಪ್ರಶ್ನೆ ವರ್ಷಕ್ಕೆ ಐವತ್ತು ಸಲವಾದರೂ ನನ್ನ ಮೇಜಿಗೆ ಬರುತ್ತದೆ. ಮಾರ್ಚ್‌ನಿಂದ ಜುಲೈವರೆಗೆ ಜಾಸ್ತಿ. ಅಡ್ಡಮಳೆ ಗಾಳಿ ಶುರುವಾಗುವ ಮುಂಚೆ ಮನೆ ಮೇಲೆ ಬಾಗಿದ ಟೊಂಗೆ ತೆಗೆಸುವವರು, ಹಾನಗಲ್ ಮತ್ತು ಧಾರವಾಡ ಕಡೆ ಮಾವು ಇಳಿಸಿದ ಮೇಲೆ ಗಿಡ ಸವರುವವರು, ಎಲ್ಲರದೂ ಅದೇ ಹೊತ್ತು. ಅಂದ ಹಾಗೆ, ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುತ್ತೇವೆ. ಗಿಡ ಏರುವವರು ಅಂದರೆ ಮೂವತ್ತು ಅಡಿ ಮೇಲೆ ಹೋಗಿ ಟೊಂಗೆ ಕಡಿಯುವವರು.

ಆ ಅಣ್ಣನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಎಷ್ಟು ಸಿಸಿ, ಎಷ್ಟು ರೂಪಾಯಿ ಅನ್ನುವುದು ಆಮೇಲಿನ ಮಾತು.

ಮೊದಲು ನೋಡಬೇಕಾದ್ದು

ನಿಮ್ಮ ಎರಡೂ ಕೈ ಎಲ್ಲಿರುತ್ತವೆ? ಟೊಂಗೆ ಮೇಲೆ ನಿಂತಾಗ ಒಂದು ಕೈ ಗಿಡ ಹಿಡಿದಿರುತ್ತದೆ, ಇನ್ನೊಂದು ಕೈಯಲ್ಲಿ ಗರಗಸ. ಕೊಡಲಿ, ಕುಡಗೋಲಿನ ಕಾಲದಿಂದಲೂ ನಮ್ಮವರಿಗೆ ಹಾಗೇ ರೂಢಿ. ಆದರೆ ಚೈನ್ ಸಾ ಅನ್ನುವುದು ಎರಡು ಕೈಗಾಗಿಯೇ ಮಾಡಿದ ಯಂತ್ರ. ಸೊಂಟದ ಹಗ್ಗ ಬಿಗಿಯಾಗಿ ಕಟ್ಟಿ, ಕಾಲು ಊರಿ, ಎರಡೂ ಕೈ ಬಿಟ್ಟು ನಿಲ್ಲಲು ಬರುತ್ತದೆ ಅನ್ನುವವರು ಮಾತ್ರ ಗಿಡದ ಮೇಲೆ ಯಂತ್ರದ ಯೋಚನೆ ಮಾಡಬೇಕು. ಬರುವುದಿಲ್ಲ ಅಂದರೆ ಮುಂದಿನ ಅರ್ಧ ಲೆಕ್ಕ ನಿಮಗೆ ಬೇಕಾಗಿಲ್ಲ, ಸೀದಾ ಕೈಗರಗಸದ ಭಾಗಕ್ಕೆ ಹೋಗಿ.

ಎರಡನೆಯದು, ಯಂತ್ರ ಒದ್ದಾಗ ಏನಾಗುತ್ತದೆ? ಕೆಲಸದವರು “ಮಷಿನ್ ಒದಿತು” ಅನ್ನುತ್ತಾರಲ್ಲ, ಅದು. ಬಾರಿನ ತುದಿಯನ್ನು ಗಡಿಯಾರದ ಮುಖ ಅಂದುಕೊಳ್ಳಿ, ಬಾರ್ ಬಲಕ್ಕೆ ಚಾಚಿದೆ ಅಂತಿಟ್ಟುಕೊಳ್ಳಿ. 12ರಿಂದ 3ರವರೆಗಿನ ಕಾಲು ಭಾಗವೇ ಕೆಟ್ಟ ಜಾಗ. ಅಲ್ಲಿಗೆ ಏನಾದರೂ ತಗುಲಿದರೆ ಚೈನಿನ ಹಲ್ಲು ಕೊಯ್ಯುವ ಬದಲು ಸಿಕ್ಕಿಕೊಳ್ಳುತ್ತದೆ. ಚೈನಿನ ವೇಗವೆಲ್ಲ ಬಾರಿಗೆ ಬಂದು, ಬಾರ್ ಮೇಲೆದ್ದು ನಿಮ್ಮ ಮುಖ, ಹೆಗಲಿನ ಕಡೆಗೇ ಹಾರುತ್ತದೆ. ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಗಂಟೆಗೆ 70 ಕಿಲೋಮೀಟರ್ ಆಯಿತು, ಹೈವೇ ಬಸ್ಸಿನ ವೇಗ. ನೋಡಿ ಕೈ ಹಿಂದೆ ತಗೊಳ್ಳೋಣ ಅನ್ನುವಷ್ಟು ಹೊತ್ತು ಸಿಗುವುದಿಲ್ಲ.

ಆ ಅಣ್ಣ ಬಿಚ್ಚಿ ಒಗೆದ ಗಾರ್ಡ್ ಇದ್ದದ್ದೇ ಇದಕ್ಕೆ. ಅದು ಚೈನ್ ಬ್ರೇಕಿನ ಹಿಡಿ. ಯಂತ್ರ ಒದ್ದಾಗ ನಿಮ್ಮ ಎಡಗೈ ಮಣಿಕಟ್ಟು ಅದಕ್ಕೆ ಬಡಿದು ಅದು ಮುಂದಕ್ಕೆ ಹೋಗುತ್ತದೆ, ಒಳಗಿನ ಪಟ್ಟಿ ಚೈನ್ ತಿರುಗಿಸುವ ಕ್ಲಚ್ ಡ್ರಮ್ಮನ್ನು ಬಿಗಿ ಹಿಡಿಯುತ್ತದೆ, ಚೈನ್ ಗಕ್ಕನೆ ನಿಲ್ಲುತ್ತದೆ. ಒಳ್ಳೆ ಯಂತ್ರಗಳಲ್ಲಿ ಕೈ ತಾಗದಿದ್ದರೂ ಒದೆತದ ರಭಸಕ್ಕೇ ಬ್ರೇಕ್ ಬೀಳುತ್ತದೆ. 1970ರ ದಶಕದಲ್ಲಿ ಬಂದ ಈ ಸಾಧನವನ್ನು ನಾವು 2020ರ ದಶಕದಲ್ಲಿ ಸ್ಕ್ರೂಡ್ರೈವರ್ ತಗೊಂಡು ಬಿಚ್ಚುತ್ತಿದ್ದೇವೆ.

ಉಳಿದವು ಮೂರು. ತೂಕ: ಪೆಟ್ರೋಲ್, ಆಯಿಲ್, ಬಾರ್ ಎಲ್ಲ ಸೇರಿಸಿ ಎಷ್ಟು? ಡಬ್ಬದ ಮೇಲೆ ಬರೆದದ್ದು ಬರೀ ಎಂಜಿನ್ ತೂಕ ಇರುತ್ತದೆ. ಟೊಂಗೆಯ ದಪ್ಪ: ದಿನಾ ಕಡಿಯುವುದು ತೊಡೆ ದಪ್ಪದ್ದೋ, ಮುಂಗೈ ದಪ್ಪದ್ದೋ? ಮತ್ತೆ ಚೈನ್, ಹಲ್ಲು ಹರಿತ ಮಾಡುವ ಕಾನಸು, ಬಿಡಿಭಾಗ ಹಾವೇರಿ, ಹುಬ್ಬಳ್ಳಿಯಲ್ಲೇ ಸಿಗುತ್ತವಾ, ಇಲ್ಲ ಆನ್‌ಲೈನಿನಲ್ಲಿ ತರಿಸಿ ವಾರ ಕಾಯಬೇಕಾ?

ನನ್ನ ಎಡಗೈ

ಅಂಗಡಿ ಇಡುವ ಮುಂಚೆ ನಾನೂ ಕಾಕಾನ ಜೊತೆ ಗಿಡ ಏರುತ್ತಿದ್ದೆ. ಒಂದು ಮನೆಯ ಹಿತ್ತಲಿನ ಬೇವಿನ ಗಿಡ. ಕವಲಿನಲ್ಲಿ ನಿಂತು ಎಡಗೈಯಲ್ಲಿ ಮೇಲಿನ ಟೊಂಗೆ ಹಿಡಿದು, ಬಲಗೈ ಒಂದರಲ್ಲೇ ಯಂತ್ರ ಚಾಚಿ ಕೊಯ್ಯುತ್ತಿದ್ದೆ. ಕೊಯ್ಯುತ್ತಿದ್ದ ಟೊಂಗೆಯ ಹಿಂದೆ ಹೆಬ್ಬೆರಳು ದಪ್ಪದ ಒಣ ಕಡ್ಡಿ ಇತ್ತು. ನನಗೆ ಕಂಡಿರಲಿಲ್ಲ. ಬಾರಿನ ತುದಿ ಅದಕ್ಕೆ ತಾಗಿತು.

ನೋವು ಆಮೇಲೆ ಬಂತು. ಮೊದಲು ಕಂಡದ್ದು ಚೈನಿಗೆ ಸುತ್ತಿಕೊಂಡ ನನ್ನ ನೀಲಿ ಅಂಗಿಯ ದಾರ. ಎಡ ಮುಂಗೈ ಮೇಲೆ ನಾಲ್ಕು ಬೆರಳು ಉದ್ದದ ಗಾಯ. ಚಾಕುವಿನ ಗಾಯದ ಹಾಗೆ ಗೆರೆ ಎಳೆದಂತಿರಲಿಲ್ಲ. ಚೈನ್ ಚರ್ಮವನ್ನು ಸೀಳುವುದಿಲ್ಲ, ತನ್ನ ದಪ್ಪದಷ್ಟು ಮಾಂಸವನ್ನು ಕಿತ್ತುಕೊಂಡು ಹೋಗುತ್ತದೆ. ಅಂಚುಗಳು ಕೂಡುವುದಿಲ್ಲ. ಜೊತೆಗೆ ಆಯಿಲ್, ಕಟ್ಟಿಗೆ ಪುಡಿ ಒಳಗೆ ಸೇರಿರುತ್ತದೆ. ಕೆಳಗೆ ಇಳಿದ ಮೇಲೆ ಮನೆಯವರು ಪಾಪ, ಒಳ್ಳೆ ಮನಸ್ಸಿನಿಂದ ಕಾಫಿ ಪುಡಿ ತುಂಬಿದರು. ಹೊಲಿಗೆ ಹಾಕುವುದಕ್ಕಿಂತ ಆ ಪುಡಿ ತೊಳೆಯುವುದಕ್ಕೇ ಡಾಕ್ಟರಿಗೆ ಜಾಸ್ತಿ ಹೊತ್ತು ಹಿಡಿಯಿತು. ಇವತ್ತಿಗೂ ಕಿರುಬೆರಳು ಪೂರ್ತಿ ಮಡಚುವುದಿಲ್ಲ. ಸಣ್ಣ ಸ್ಕ್ರೂ ಹಿಡಿಯುವಾಗ ಗೊತ್ತಾಗುತ್ತದೆ.

ನೆಲದ ಮೇಲೆ ಕಡಿಯುವವರಿಗೆ ಎಡಗಾಲಿನ ತೊಡೆ, ಮೊಣಕಾಲಿಗೆ ಪೆಟ್ಟು ಜಾಸ್ತಿ. ಗಿಡದ ಮೇಲಿನವರಿಗೆ ಎಡಗೈ, ಎಡಭುಜ, ಮುಖ. ಮತ್ತೆ ಒಂದು ಮರೆಯುವ ಸಂಗತಿ, ಹಗ್ಗ. ನೈಲಾನ್ ಹಗ್ಗಕ್ಕೆ ಓಡುವ ಚೈನ್ ತಾಗಿದರೆ ಸಾಕು, ಮುಗಿಯಿತು.

ಒಂದೊಂದಾಗಿ ತೂಗೋಣ

ಕೊಡಲಿ ಮತ್ತು ಕುಡಗೋಲನ್ನು ಬೇಗ ಮುಗಿಸುತ್ತೇನೆ. ಎಲ್ಲರ ಮನೆಯಲ್ಲೂ ಇದೆ, ಬೇರೆ ಖರ್ಚಿಲ್ಲ. ಆದರೆ ಬೀಸಲು ಜಾಗ ಬೇಕು, ಒಣ ಹುಣಸೆಯಂಥ ಗಟ್ಟಿ ಕಟ್ಟಿಗೆಗೆ ಓರೆಯಾಗಿ ಬಿದ್ದರೆ ಜಾರಿ ಮೊಣಕಾಲಿಗೆ ಬರುತ್ತದೆ. ಬೆರಳು ದಪ್ಪದ ಹಸಿ ಕಡ್ಡಿ ಸವರಲು ಕುಡಗೋಲು ಸಾಕು. ಗಿಡದ ಮೇಲೆ ಕೊಡಲಿ ಬೇಡ.

ಇನ್ನು ಎಲ್ಲರ ಕಣ್ಣೂ ಇರುವುದು 52, 58 ಸಿಸಿ ಪೆಟ್ರೋಲ್ ಯಂತ್ರದ ಮೇಲೆ. ಸುಮಾರು 6,000ದಿಂದ 10,000 ರೂಪಾಯಿ. ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ, ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದುತ್ತದೆ. ಉರುಳಿದ ನೀಲಗಿರಿ ತುಂಡು ಮಾಡಲು, ಗದಗ ಕಡೆ ಹೊಲದ ಬದುವಿನ ಬಳ್ಳಾರಿ ಜಾಲಿ ಬುಡ ಕೊಯ್ಯಲು ಒಳ್ಳೆ ಯಂತ್ರವೇ. ನಾನೂ ಮಾರುತ್ತೇನೆ. ಆದರೆ ಪೆಟ್ರೋಲ್, ಆಯಿಲ್ ತುಂಬಿ 20 ಇಂಚಿನ ಬಾರ್ ಹಾಕಿದರೆ ಹತ್ತಿರ ಹತ್ತಿರ ಏಳು ಕಿಲೋ. ಒಂದು ತುಂಬಿದ ಬಿಂದಿಗೆಯನ್ನು ಕೈ ಚಾಚಿ ಹಿಡಿದು ನೋಡಿ, ಎಷ್ಟು ಹೊತ್ತು ಆಗುತ್ತದೆ? ಉದ್ದ ಬಾರ್ ಇದ್ದಷ್ಟೂ ತುದಿ ಕಣ್ಣಿಗೆ ಮರೆ, ಎಲ್ಲೋ ಹಿಂದಿನ ಟೊಂಗೆಗೆ ತಾಗುತ್ತದೆ. ಅಗ್ಗದವುಗಳಲ್ಲಿ ಬ್ರೇಕಿನ ಪಟ್ಟಿಯೂ ಬೇಗ ಸವೆಯುತ್ತದೆ. ಇದು ನೆಲದ ಯಂತ್ರ. ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಂಡರೆ ಅದು ಗಿಡದ ಯಂತ್ರ ಆಗುವುದಿಲ್ಲ.

ಅದೇ ಜಾತಿಯ ಸಣ್ಣದು, 30 ಸಿಸಿ ಆಸುಪಾಸಿನ ಬ್ರಾಂಡೆಡ್ ಯಂತ್ರ. 15,000ದಿಂದ 25,000. ನಾಲ್ಕೂವರೆ, ಐದು ಕಿಲೋ. 14 ಇಂಚಿನ ಬಾರ್. ಬ್ರೇಕ್ ಗಟ್ಟಿ, ನಡುಕ ಕಡಿಮೆ. ದಿನಾ ಯಂತ್ರ ಹಿಡಿಯುವವರಿಗೆ ನಡುಕದ ಲೆಕ್ಕ ಸಣ್ಣದಲ್ಲ. ವರ್ಷಗಟ್ಟಲೆ ಹಿಡಿದವರ ಬೆರಳು ತಣ್ಣನೆ ಬೆಳಿಗ್ಗೆಗಳಲ್ಲಿ ಬಿಳಿಚಿಕೊಂಡು ಜೋಮು ಹಿಡಿಯುತ್ತದೆ, ಆಮೇಲೆ ಅದು ಪೂರ್ತಿ ಹೋಗುವುದೇ ಇಲ್ಲ. ತೋಟ ಇರುವವರು, ಏಣಿ ಹತ್ತದೆ ನೆಲದಿಂದಲೇ ಮಾವು ಸವರುವವರು ಒಂದೇ ಯಂತ್ರ ತಗೊಳ್ಳುವುದಾದರೆ ನಾನು ಇದನ್ನೇ ಹೇಳುವುದು. 58 ಸಿಸಿಯ ಮುಂದೆ ಇದು ಆಟಿಕೆಯಂತೆ ಕಾಣುತ್ತದೆ ಅಂತ ಜನ ಮೂಗು ಮುರಿಯುತ್ತಾರೆ. ಹರಿತ ಚೈನ್ ಇದ್ದರೆ ಎಂಟು ಇಂಚು ಟೊಂಗೆ ಇದಕ್ಕೆ ಲೆಕ್ಕಕ್ಕಿಲ್ಲ.

ಗಿಡ ಏರುವವರಿಗೆಂದೇ ಮಾಡಿದ ಯಂತ್ರ ಬೇರೆ ಇದೆ, ಹಿಡಿಕೆ ಮೇಲ್ಗಡೆ ಇರುವುದು. ಸ್ಟಿಲ್ ಕಂಪನಿಯ ಯಂತ್ರದ ಹೆಸರಿನಲ್ಲಿ ಅಂಕಿಯ ಕೊನೆಗೆ ‘ಟಿ’ ಅಂತ ಇರುತ್ತದೆ, ಹಸ್ಕ್‌ವರ್ನಾ ಕಂಪನಿಯದರಲ್ಲಿ ಅಂಕಿಯ ಮುಂಚೆಯೇ ‘ಟಿ’. ಮೂರು ಕಿಲೋ ಆಸುಪಾಸು, ಜೊತೆಗೆ 12 ಅಥವಾ 14 ಇಂಚಿನ ಬಾರ್. ಸೊಂಟಕ್ಕೆ ತೂಗುಹಾಕಲು ಕೊಂಡಿ ಇರುತ್ತದೆ. ಚೆನ್ನಾಗಿದೆ ಅಲ್ವಾ? ಇಲ್ಲೇ ಒಂದು ಮೋಸ ಇದೆ. ಒಂದೇ ಕೈಯಲ್ಲಿ ಎತ್ತಲು ಬರುತ್ತದೆ ಅಂತ ಒಂದೇ ಕೈಯಲ್ಲಿ ಕೊಯ್ಯುವುದು ಶುರುವಾಗುತ್ತದೆ. ಇದರ ಎರಡು ಹಿಡಿಕೆಗಳ ನಡುವೆ ಅಂತರ ಕಡಿಮೆ, ಹಾಗಾಗಿ ಒದ್ದಾಗ ತಡೆಯುವ ಹಿಡಿತವೂ ಕಡಿಮೆ. ಎರಡು ಕೈಯಲ್ಲೇ ಹಿಡಿಯಿರಿ ಅಂತ ಕಂಪನಿಯ ಪುಸ್ತಕವೇ ಹೇಳುತ್ತದೆ. ಕಲಿತವರ ಕೈಗೆ ಇದಕ್ಕಿಂತ ಒಳ್ಳೆಯದಿಲ್ಲ, ಕಲಿಯದವರ ಕೈಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಬೆಲೆ 30,000 ದಾಟುತ್ತದೆ. ನೆಲದ ಮೇಲೆ ಬಗ್ಗಿ ಕೊಯ್ಯಲು ಇದನ್ನು ಬಳಸಬೇಡಿ, ಬಾರ್ ಕಾಲಿಗೆ ತೀರಾ ಹತ್ತಿರ ಬರುತ್ತದೆ.

ಇದರಲ್ಲೇ ಬ್ಯಾಟರಿಯದ್ದೂ ಬಂದಿದೆ. ಟ್ರಿಗರ್ ಬಿಟ್ಟರೆ ಎಲ್ಲ ಸುಮ್ಮನೆ. ಹೊಗೆಯಿಲ್ಲ, ಗಿಡದ ಮೇಲೆ ದಾರ ಜಗ್ಗುವ ಸರ್ಕಸ್ ಇಲ್ಲ, ಕೆಳಗಿನವನು ಕೂಗಿದ್ದು ಕೇಳುತ್ತದೆ. ಈ ಕೊನೆಯದನ್ನು ಹಗುರವಾಗಿ ತಗೋಬೇಡಿ. ಪೆಟ್ರೋಲ್ ಯಂತ್ರದ ಸದ್ದು 100 ಡೆಸಿಬೆಲ್ ದಾಟುತ್ತದೆ, “ನಿಲ್ಲಿಸು, ಕೆಳಗ ಹುಡುಗ ಬಂದಾನ” ಅಂದದ್ದು ಮೇಲೆ ಕೇಳಿಸುವುದೇ ಇಲ್ಲ. ಆದರೆ ಎರಡು ಬ್ಯಾಟರಿ, ಚಾರ್ಜರ್ ಸೇರಿಸಿದರೆ ಪೆಟ್ರೋಲಿನದಕ್ಕಿಂತ ದುಬಾರಿ. ಹಳ್ಳಿಯಲ್ಲಿ ಕರೆಂಟ್ ಯಾವಾಗ ಬರುತ್ತದೋ ನೋಡಿ ಚಾರ್ಜ್ ಮಾಡಬೇಕು.

ಈಗ ಆ ಅಣ್ಣ ಕೇಳಿದ್ದಕ್ಕೆ ಬರೋಣ. ಅವರ ಮನಸ್ಸಿನಲ್ಲಿ ಇದ್ದದ್ದು ಮೊಬೈಲ್‌ನಲ್ಲಿ ನೋಡಿದ, ಪಿಸ್ತೂಲಿನ ಹಾಗಿರುವ ಆರು ಇಂಚಿನ ಮಿನಿ ಯಂತ್ರ. 2,500ದಿಂದ 6,000. ಒಂದೂವರೆ ಕಿಲೋ. ಸೀಬೆ, ನಿಂಬೆ, ದಾಳಿಂಬೆ ಗಿಡ ಸವರಲು ಚೊಲೋ ಇದೆ. ಆದರೆ ನನ್ನ ಮೇಜಿನ ಮೇಲೆ ಬಂದ ಮಿನಿಗಳಲ್ಲಿ ಹೆಚ್ಚಿನವಕ್ಕೆ ಚೈನ್ ಬ್ರೇಕೇ ಇರಲಿಲ್ಲ. ಒಂದು ತೆಳು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ, ಅಷ್ಟೇ. ಬಲಗೈಯಲ್ಲಿ ಯಂತ್ರ, ಎಡಗೈಯಲ್ಲಿ ಕೊಯ್ಯುವ ಟೊಂಗೆಯನ್ನೇ ಹಿಡಿಯುವುದು ಇದರ ದುರಭ್ಯಾಸ. ಕಡ್ಡಿ ತುಂಡಾದ ಕೂಡಲೇ ಯಂತ್ರ ಜಾರಿ ಎಡಗೈ ಬೆರಳಿಗೇ ಬರುತ್ತದೆ. ಸಣ್ಣದು ಅಂತ ಭಯ ಇರುವುದಿಲ್ಲ, ಮಕ್ಕಳ ಕೈಗೂ ಕೊಡುತ್ತಾರೆ. ತಗೊಳ್ಳುವುದಾದರೆ ನೆಲದ ಮೇಲೆ ನಿಂತು ಬಳಸಿ, ಎಡಗೈ ಬಾರಿನಿಂದ ಒಂದು ಮೊಳ ದೂರ ಇರಲಿ.

ಉದ್ದ ಕೋಲಿನ ಗರಗಸ ಮನೆಯವರಿಗೆ ಹೇಳಿ ಮಾಡಿಸಿದ್ದು. ಗಿಡ ಏರುವ ಕೆಲಸವೇ ಇಲ್ಲ. ಟೊಂಗೆಯ ನೇರ ಕೆಳಗೆ ನಿಲ್ಲಬಾರದು, ಅಷ್ಟು ನೆನಪಿದ್ದರೆ ಆಯಿತು. ಆದರೆ ಇನ್ನೊಂದು ಅಪಾಯ ಇದೆ. ಕೋಲು ಅಲ್ಯುಮಿನಿಯಂದು. ಹುಬ್ಬಳ್ಳಿಯ ಹಳೆ ಓಣಿಗಳಲ್ಲಿ, ಧಾರವಾಡದ ರಸ್ತೆ ಬದಿಯಲ್ಲಿ ಗುಲ್‌ಮೊಹರ್ ಟೊಂಗೆಯೂ ತಂತಿಯೂ ಹೆಣೆದುಕೊಂಡೇ ಇರುತ್ತವೆ. ತಂತಿ ಹತ್ತಿರದ ಟೊಂಗೆಗೆ ಯಾವ ಗರಗಸವೂ ಬೇಡ. 1912ಕ್ಕೆ ಫೋನ್ ಮಾಡಿ ಹೆಸ್ಕಾಂನವರಿಗೆ (ಕರೆಂಟ್ ಕಂಪನಿ) ಹೇಳಿ, ಲೈನ್ ಆಫ್ ಮಾಡಿಸಿ. 11 ಕೆವಿ (11,000 ವೋಲ್ಟ್) ತಂತಿಯಾದರೆ ಮುಟ್ಟಲೇಬೇಕು ಅಂತಿಲ್ಲ, ಹಸಿ ಟೊಂಗೆ ತಗುಲಿಸಿಕೊಂಡರೂ ಸಾಕು, ಶಾಕ್ ಹೊಡೆಯುತ್ತದೆ.

ಕೈಗರಗಸ

ಬಾಗಿದ ಅಲಗಿನ, ಎಳೆದಾಗ ಮಾತ್ರ ಕೊಯ್ಯುವ ಕೈಗರಗಸ. 13 ಇಂಚಿನ ಅಲಗು, ಜೊತೆಗೆ ಸೊಂಟಕ್ಕೆ ಕಟ್ಟುವ ಒರೆ. 500ರಿಂದ 1,200 ರೂಪಾಯಿ. ಬಡಗಿಗಳ ಗರಗಸ ಇದಲ್ಲ, ಅದು ಹಸಿ ಕಟ್ಟಿಗೆಯಲ್ಲಿ ಸಿಕ್ಕಿಬೀಳುತ್ತದೆ.

ಇದನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣ ಇದೆ. ಗಿಡ ಏರುವ ಹತ್ತು ಜನರಲ್ಲಿ ಎಂಟು ಜನರಿಗೆ ನಾನು ಇದನ್ನೇ ಹೇಳುವುದು, ಹತ್ತರಲ್ಲಿ ಎಂಟು ಜನ ಇದನ್ನು ಕೇಳಿ ನಗುತ್ತಾರೆ. “ಯಪ್ಪಾ, ಇದ್ರಾಗ ಕೊಯ್ಕೋಂತ ಕುಂತ್ರ ಸಂಜಿ ಆಗ್ತೈತಿ.” ನಿಜವಾಗಿ ಗಡಿಯಾರ ಹಿಡಿದು ನೋಡಿ. ನಾಲ್ಕು ಇಂಚು ಬೇವಿನ ಟೊಂಗೆ ಹರಿತವಾದ ಎಳೆಗರಗಸಕ್ಕೆ ಒಂದೆರಡು ನಿಮಿಷದ ಕೆಲಸ. ಯಂತ್ರಕ್ಕೆ ಹತ್ತು ಸೆಕೆಂಡ್. ಆದರೆ ಯಂತ್ರವನ್ನು ಮೇಲೆ ಎಳೆದುಕೊಳ್ಳುವುದು, ಸ್ಟಾರ್ಟ್ ಮಾಡುವುದು, ಜಾಗ ಬದಲಿಸುವಾಗ ನಿಲ್ಲಿಸುವುದು, ಮತ್ತೆ ಜಗ್ಗುವುದು, ಇವೆಲ್ಲ ಸೇರಿಸಿದರೆ? ಸಣ್ಣ ಟೊಂಗೆಗಳ ಗಿಡದಲ್ಲಿ ಕೈಗರಗಸದವನು ಮೊದಲು ಇಳಿದು ಬಂದದ್ದನ್ನು ನಾನು ನೋಡಿದ್ದೇನೆ. ಮುಖ್ಯವಾಗಿ, ಒಂದು ಕೈ ಗಿಡ ಹಿಡಿದೇ ಇರಬಹುದು. ಜಾರಿದರೂ ಹೆಬ್ಬೆರಳಿಗೆ ಗೀರು ಬೀಳಬಹುದು, ಮುಖಕ್ಕೆ ಹಾರಿ ಬರುವುದಿಲ್ಲ. ಎಡಗೈಗೆ ಒಂದು ಗಟ್ಟಿ ಚರ್ಮದ ಕೈಗವಸು ಹಾಕಿಕೊಳ್ಳಿ.

ಆರು ಇಂಚಿಗಿಂತ ದಪ್ಪಕ್ಕೆ ಇದು ಸಾಕಾಗುವುದಿಲ್ಲ, ಒಪ್ಪುತ್ತೇನೆ. ಹಳೆ ಹುಣಸೆಯ ಟೊಂಗೆ ಅಂದರೆ ತೋಳು ಸೋಲುತ್ತದೆ. ಅಲ್ಲಿ ಎರಡು ದಾರಿ. ಮೇಲೆ ಸಣ್ಣ ಟೊಂಗೆಗಳನ್ನೆಲ್ಲ ಕೈಗರಗಸದಿಂದ ಇಳಿಸಿ, ಭಾರ ಕಡಿಮೆ ಮಾಡಿ, ಉಳಿದ ದಪ್ಪನೆಯದಕ್ಕೆ ಮಾತ್ರ ಯಂತ್ರ ಬಲ್ಲವರನ್ನು ಕರೆಯುವುದು. ಇಲ್ಲವೇ ಬುಟ್ಟಿ ಇರುವ ಕ್ರೇನ್ ಬಾಡಿಗೆಗೆ ತರಿಸುವುದು. ಬಾಡಿಗೆ ಕೇಳಿ ಎದೆ ಝಲ್ ಅನ್ನಬಹುದು. ಮೂರ್ನಾಲ್ಕು ಮನೆಯವರು ಸೇರಿ ಒಂದೇ ದಿನ ತರಿಸಿದರೆ ಹಗುರಾಗುತ್ತದೆ.

ಯಾವ ಗರಗಸವಾದರೂ ಕೊಯ್ಯುವ ಕ್ರಮ ಒಂದೇ. ಟೊಂಗೆಯ ಬುಡದಿಂದ ಒಂದು ಅಡಿ ಬಿಟ್ಟು, ಮೊದಲು ಕೆಳಗಿನಿಂದ ಮೂರರಲ್ಲಿ ಒಂದು ಭಾಗ. ಆಮೇಲೆ ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ. ಟೊಂಗೆ ಬಿದ್ದ ಮೇಲೆ ಉಳಿದ ಮೋಟು ತೆಗೆಯಿರಿ. ಬರೀ ಮೇಲಿನಿಂದ ಕೊಯ್ದರೆ ಟೊಂಗೆ ಅರ್ಧಕ್ಕೇ ಸೀಳಿ, ತೊಗಟೆ ಸಮೇತ ಕಾಂಡದ ಕಡೆ ಕಿತ್ತುಕೊಂಡು ಬರುತ್ತದೆ. ನಿಮ್ಮ ಹಗ್ಗ ಅದೇ ಕಾಂಡಕ್ಕೇ ಇರುತ್ತದೆ. ನುಗ್ಗೆ ಗಿಡ ಮಾತ್ರ ಏರಲೇಬೇಡಿ, ಅದು ಮನುಷ್ಯನ ಭಾರ ತಡೆಯುವ ಗಿಡ ಅಲ್ಲ.

ದುಡ್ಡಿನ ಲೆಕ್ಕ

ಗರಗಸದ ಬೆಲೆ ಅರ್ಧ ಲೆಕ್ಕ. ಮೈಮೇಲೆ ಹಾಕಿಕೊಳ್ಳುವುದು ಇನ್ನರ್ಧ.

ನಿಮ್ಮ ಹತ್ತಿರ 5,000 ಇದೆ ಅಂದುಕೊಳ್ಳಿ. ಒಳ್ಳೆ ಕೈಗರಗಸ, ಐಎಸ್ 3521 (ಭಾರತೀಯ ಮಾನಕ) ಗುರುತಿನ ಪೂರ್ತಿ ಮೈ ಹಾರ್ನೆಸ್ (ಮೈಗೆಲ್ಲ ಕಟ್ಟುವ ಸುರಕ್ಷತೆಯ ಪಟ್ಟಿ), ಗದ್ದದ ಪಟ್ಟಿ ಇರುವ ಹೆಲ್ಮೆಟ್, ಕನ್ನಡಕ. ಅಷ್ಟಕ್ಕೆ ಆಗುತ್ತದೆ. ಬರೀ ಸೊಂಟದ ಬೆಲ್ಟಿಗೆ ನೇತಾಡಿದರೆ ಉಸಿರು ಕಟ್ಟುತ್ತದೆ, ಸೊಂಟ ಮುರಿಯುತ್ತದೆ. ತಾಡಪತ್ರಿ ಕಟ್ಟುವ ಹಗ್ಗ ಲಾರಿಗೆ ಸರಿ, ಮನುಷ್ಯನಿಗಲ್ಲ. ಇದೇ 5,000ಕ್ಕೆ ಮಿನಿ ಯಂತ್ರ ಬರುತ್ತದೆ ನಿಜ, ಆದರೆ ಆಗ ಹಾರ್ನೆಸ್‌ಗೆ ದುಡ್ಡು ಉಳಿಯುವುದಿಲ್ಲ.

20,000, 25,000 ಇದ್ದು ಟೊಂಗೆ ಕೆಲಸವನ್ನೇ ಕಸುಬು ಮಾಡಿಕೊಂಡವರು ಮೇಲಿನದೆಲ್ಲ ಇಟ್ಟುಕೊಂಡು, ನೆಲಕ್ಕೆ ಒಂದು ಸಣ್ಣ ಪೆಟ್ರೋಲ್ ಯಂತ್ರ ಸೇರಿಸಲಿ. ಹಳೆ 58 ಸಿಸಿ ಇದ್ದರೆ ಅದೇ ಇರಲಿ, ಬ್ರೇಕ್ ಸರಿ ಮಾಡಿಸಿ. ಉಳಿದ ದುಡ್ಡಿಗೆ ಚೈನ್ ಸಾ ಚಾಪ್ಸ್, ಅಂದರೆ ಪ್ಯಾಂಟಿನ ಮೇಲೆ ಕಟ್ಟುವ ತೊಡೆಗಾಪು. ಅದರೊಳಗೆ ಉದ್ದುದ್ದ ನೂಲಿನ ಪದರ ಇರುತ್ತದೆ. ಚೈನ್ ತಾಗಿದರೆ ಆ ನೂಲು ಎಳೆದುಕೊಂಡು ಹೋಗಿ ಚೈನ್ ತಿರುಗಿಸುವ ಸ್ಪ್ರಾಕೆಟ್ಟಿಗೆ ಸುತ್ತಿ ಯಂತ್ರವನ್ನೇ ನಿಲ್ಲಿಸುತ್ತದೆ. ಕ್ಲಾಸ್ 1 ಅಂದರೆ ಸೆಕೆಂಡಿಗೆ 20 ಮೀಟರ್ ಚೈನ್ ವೇಗದಲ್ಲಿ, ಕ್ಲಾಸ್ 2 ಅಂದರೆ 24 ಮೀಟರ್‌ನಲ್ಲಿ ಪರೀಕ್ಷೆ ಮಾಡಿದ್ದು. ಒಮ್ಮೆ ಚೈನ್ ತಾಗಿದರೆ ಹೊಲಿಸಿ ಮತ್ತೆ ಹಾಕಬೇಡಿ. ಬ್ಯಾಟರಿ ಯಂತ್ರದ ಮೋಟರ್ ನೂಲು ಸುತ್ತಿದರೂ ಜಗ್ಗುತ್ತಲೇ ಇರಬಹುದು, ಹಾಗಾಗಿ ಅದರ ಮುಂದೆ ಚಾಪ್ಸ್ ನೆಚ್ಚಿಕೊಂಡು ಧೈರ್ಯ ಮಾಡಬೇಡಿ. ಗದಗಿನ ಮೇ ತಿಂಗಳ ಬಿಸಿಲಿಗೆ ಇದನ್ನು ಹಾಕಿಕೊಳ್ಳುವುದು ಕಷ್ಟವೇ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹತ್ತಕ್ಕೆ ಮುಗಿಸಿ.

ಅರ್ಧ ಲಕ್ಷದ ಮೇಲೆ ಹಾಕುವ ಶಕ್ತಿ ಇದ್ದು, ಇಬ್ಬರು ಮೂವರ ತಂಡ ಇದ್ದರೆ ಮೇಲ್ಹಿಡಿಕೆಯ ಯಂತ್ರದ ಮಾತು. ಅದರ ಜೊತೆ ಕಡ್ಡಾಯವಾಗಿ ಎರಡು ಕಡೆ ಹಗ್ಗ: ಒಂದು ಮುಖ್ಯ ಹಗ್ಗ, ಇನ್ನೊಂದು ಒಳಗೆ ಸ್ಟೀಲ್ ತಂತಿ ಇರುವ ಸೊಂಟದ ಹಗ್ಗ. ಒಂದು ತುಂಡಾದರೆ ಇನ್ನೊಂದು. ತಂಡದಲ್ಲಿ ಇನ್ನೊಬ್ಬರಿಗೂ ಏರಲು ಬರಬೇಕು, ಮೇಲೆ ಗಾಯವಾದವರನ್ನು ಇಳಿಸುವವರು ಯಾರು? ಸೆಪ್ಟೆಂಬರ್ ಹೊತ್ತಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಯಂತ್ರಗಳ ಮಳಿಗೆ ಇರುತ್ತವೆ, ಅಲ್ಲಿ ಕೈಗೆ ತಗೊಂಡು ತೂಗಿ ನೋಡಿ. ಫೋಟೋ ನೋಡಿ ತರಿಸಬೇಡಿ.

ಗಿಡವನ್ನೇ ಉರುಳಿಸುವ ವಿಚಾರ ಇದ್ದರೆ ಗರಗಸಕ್ಕಿಂತ ಮುಂಚೆ ಅರ್ಜಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ, ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ, ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕಾಗುತ್ತದೆ, ಹಿತ್ತಲು ನಿಮ್ಮದೇ ಆದರೂ.

ಗಾಯ ಆಗಿಬಿಟ್ಟರೆ

ಶುಭ್ರ ಬಟ್ಟೆ ಮಡಚಿ ಗಾಯದ ಮೇಲೆ ಜೋರಾಗಿ ಒತ್ತಿ ಹಿಡಿಯಿರಿ. ಬಟ್ಟೆ ನೆನೆದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದು ಇಡಿ. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ, ಗಾಯಕ್ಕಿಂತ ಎರಡು ಇಂಚು ಮೇಲೆ ಅಗಲ ಪಟ್ಟಿ ಕಟ್ಟಿ, ಕಡ್ಡಿ ಹಾಕಿ ತಿರುಚಿ ಬಿಗಿ ಮಾಡಿ, ಕಟ್ಟಿದ ಹೊತ್ತು ಬರೆದಿಡಿ. ಬರೀ ದಾರ, ತಂತಿ ಕಟ್ಟಬೇಡಿ. 108ಕ್ಕೆ ಫೋನ್ ಮಾಡಿ. ಅರಿಶಿನ, ಸುಣ್ಣ, ತಂಬಾಕು, ಕಾಫಿ ಪುಡಿ ಯಾವುದೂ ಬೇಡ. ಧನುರ್ವಾಯು ಇಂಜೆಕ್ಷನ್ ಬಗ್ಗೆ ಡಾಕ್ಟರನ್ನು ನೀವೇ ಕೇಳಿ.

ಅಂಗಡಿಯಲ್ಲೇ ಮಾಡಿ ನೋಡಿ

ಪೆಟ್ರೋಲ್ ಯಂತ್ರ ಕೊಳ್ಳುವುದೇ ಆದರೆ ದುಡ್ಡು ಕೊಡುವ ಮುಂಚೆ ಸ್ಟಾರ್ಟ್ ಮಾಡಿಸಿ. ನೆಲದ ಮೇಲಿಟ್ಟು, ಹಿಂದಿನ ಹಿಡಿಕೆಯೊಳಗೆ ಬೂಟುಗಾಲಿನ ತುದಿ ಇಟ್ಟು, ಬ್ರೇಕ್ ಹಾಕಿಯೇ ದಾರ ಜಗ್ಗಬೇಕು. ಗಾಳಿಯಲ್ಲಿ ಎತ್ತಿ ಝಾಡಿಸಿ ಸ್ಟಾರ್ಟ್ ಮಾಡಿ ತೋರಿಸುವ ಅಂಗಡಿಯವನ ಶೋಕಿ ನೋಡಿ ಮರುಳಾಗಬೇಡಿ. ಬ್ರೇಕ್ ಬಿಟ್ಟು ಐಡಲ್‌ನಲ್ಲಿ ಇದ್ದಾಗ ಚೈನ್ ಒಂದಿಷ್ಟೂ ತಿರುಗಬಾರದು. ವೇಗ ಕೊಟ್ಟು, ಎಡಗೈ ಮಣಿಕಟ್ಟಿನಿಂದ ಗಾರ್ಡ್ ಮುಂದಕ್ಕೆ ತಳ್ಳಿ: ಚೈನ್ ಆ ಕ್ಷಣವೇ ನಿಲ್ಲಬೇಕು. ಒಂದು ಸುತ್ತು ಹೆಚ್ಚು ಹೋದರೂ ಅದು ಬೇಡ, ಇನ್ನೊಂದು ತೋರಿಸು ಅನ್ನಿ.

ಚೈನಿಗೆ ಸರಿಯಾದ ಅಳತೆಯ ಕಾನಸು ಅಲ್ಲೇ ತಗೊಳ್ಳಿ. ಸಣ್ಣ ಯಂತ್ರಗಳ 3/8 ಲೋ ಪ್ರೊಫೈಲ್ ಚೈನಿಗೆ 4 ಮಿಲಿಮೀಟರ್, 58 ಸಿಸಿಯ .325 ಚೈನಿಗೆ 4.8 (3/8, .325 ಅನ್ನುವುದು ಚೈನಿನ ಕೊಂಡಿಗಳ ಅಂತರದ ಅಳತೆ, ಇಂಚಿನಲ್ಲಿ). ಕೊಯ್ಯುವಾಗ ಚಕ್ಕೆ ಬೀಳುತ್ತಿದ್ದರೆ ಚೈನ್ ಹರಿತ ಇದೆ, ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಮೊಂಡಾಗಿದೆ. ಮೊಂಡು ಚೈನಿಗೆ ಮೈಭಾರ ಹಾಕಿ ಒತ್ತುತ್ತೀರಿ, ಟೊಂಗೆ ಮುಗಿದ ಕೂಡಲೇ ಮೈ ಸಮೇತ ಮುಂದಕ್ಕೆ ಬೀಳುತ್ತೀರಿ. ಹಲ್ಲಿನ ಮುಂದಿರುವ ಸಣ್ಣ ಗುಬ್ಬಿಯನ್ನು, ಅಂದರೆ ಹಲ್ಲು ಆಳಕ್ಕೆ ಕಚ್ಚದಂತೆ ತಡೆಯುವ ಉಬ್ಬನ್ನು, “ಜಲ್ದಿ ಕೊಯ್ಲಿ” ಅಂತ ಪೂರ್ತಿ ಉಜ್ಜಿಸಿಕೊಳ್ಳುವವರಿದ್ದಾರೆ. ಆ ಗುಬ್ಬಿ ಹೋದರೆ ಹಲ್ಲು ದಪ್ಪ ದಪ್ಪ ಕಚ್ಚುತ್ತದೆ, ಯಂತ್ರ ಜಾಸ್ತಿ ಒದೆಯುತ್ತದೆ. ನಾನು ಉಜ್ಜಿಕೊಡುವುದಿಲ್ಲ ಅಂದದ್ದಕ್ಕೆ ಇಬ್ಬರು ಗಿರಾಕಿ ಬೇರೆ ಅಂಗಡಿಗೆ ಹೋದರು.

ಶಿಗ್ಗಾಂವಿಯ ಅಣ್ಣ ಅವತ್ತು ಮಿನಿ ಯಂತ್ರ ತಗೊಳ್ಳಲಿಲ್ಲ. ಗಾರ್ಡ್ ಮತ್ತು ಬ್ರೇಕ್ ಪಟ್ಟಿ ಹೊಸದು ಹಾಕಿಸಿಕೊಂಡರು, 22ರ ಬದಲು 18 ಇಂಚಿನ ಬಾರ್ ಹಾಕಿಸಿದರು, ಒಂದು ಕೈಗರಗಸ ತಗೊಂಡರು. ಕೈಗರಗಸದ 700 ರೂಪಾಯಿಗೆ ಮಾತ್ರ ಹತ್ತು ನಿಮಿಷ ಚೌಕಾಸಿ ಮಾಡಿದರು. ಜುಲೈನಲ್ಲಿ ಮತ್ತೆ ಬಂದಾಗ ಕೇಳಿದೆ, ಹೆಂಗೈತ್ರಿ ಅಣ್ಣಾ ಅಂತ. “ಅದನ್ನ ನಮ್ಮ ತಮ್ಮ ಇಸ್ಗೊಂಡಾನ್ರಿ, ಇನ್ನೊಂದು ಕೊಡ್ರಿ” ಅಂದರು. ಈ ಸಲ 650ಕ್ಕೆ ಕೊಟ್ಟೆ.